ರೊಕ್ಕ ಕೊಡುವವನು ನಮ್ಮ ಪಿನ್ ಒತ್ತಿಸಿದಾಗ

ಬೀದರಿನ ಚೌಬಾರದ ಸಮೀಪ ನಮ್ಮದೊಂದು ಚಿಕ್ಕ ಬಿದ್ರಿ ಅಂಗಡಿ ಇದೆ; ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂಡಿಸುವ ನಮ್ಮೂರಿನ ಕಲೆಯೇ ಬಿದ್ರಿ. ಕೆತ್ತನೆಯ ಕೆಲಸವನ್ನು ಅಪ್ಪ ನೋಡಿಕೊಳ್ಳುತ್ತಾರೆ. ಫೋಟೊ ತೆಗೆದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಾಕುವುದು, ವಿಚಾರಿಸಿದವರಿಗೆ ಉತ್ತರಿಸುವುದು, ಪಾರ್ಸಲ್ ಕಟ್ಟುವುದು ನನ್ನ ಪಾಲಿನ ಕೆಲಸ. ನಮ್ಮೂರಿನ ಹಿರಿಯ ಕಲಾವಿದರಾದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಬಿದ್ರಿಯ ಬಗ್ಗೆ ದೂರದೂರುಗಳಿಂದ ಕೇಳುವವರು ನಮಗೂ ಹೆಚ್ಚಾದರು. ಆ ಗುಂಪಿನಲ್ಲಿಯೇ ಮೋಸಗಾರರೂ ಸೇರಿಕೊಂಡಿದ್ದರೆಂಬುದು ನನಗೆ ತಿಳಿದದ್ದು 9,000 ರೂಪಾಯಿ ಕಳೆದುಕೊಂಡ ಮೇಲೆ.

ಫೇಸ್‌ಬುಕ್ಕಿನಲ್ಲಿ ನಾನು ಹಾಕಿದ್ದ ಸಣ್ಣ ಹೂದಾನಿಯನ್ನು ನೋಡಿ ಒಬ್ಬ ಹಿಂದಿಯಲ್ಲಿ ಸಂದೇಶ ಕಳಿಸಿದ. ತಾನು ಬೀದರಿನ ವಾಯುಪಡೆ ಕೇಂದ್ರದಲ್ಲಿ ಸುಬೇದಾರನೆಂದೂ, ವರ್ಗವಾಗಿ ಹೋಗುತ್ತಿರುವ ಅಧಿಕಾರಿಗಳಿಗೆ ಕೊಡಲು ಆರು ಹೂದಾನಿಗಳು ಬೇಕೆಂದೂ ಹೇಳಿ, ನಾನು ಕೇಳದಿದ್ದರೂ ಸಮವಸ್ತ್ರದ ಫೋಟೊ ಮತ್ತು ಗುರುತಿನ ಚೀಟಿಯನ್ನು ಕಳಿಸಿದ. ಒಂದಕ್ಕೆ 1,500 ಎಂದೆ, ಆಗಲಿ ಎಂದ. ಎತ್ತರ ಎಷ್ಟೆಂದು ಕೇಳಲಿಲ್ಲ, ಬೆಳ್ಳಿ ಅಸಲಿಯೇ ಎಂದು ಕೇಳಲಿಲ್ಲ, ಆರು ಕೊಂಡರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದೂ ಕೇಳಲಿಲ್ಲ. ಬಿದ್ರಿ ಕೊಳ್ಳಲು ಬಂದವರು ಚೌಕಾಶಿ ಮಾಡದೆ ಹೋದದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಸುಬೇದಾರ್ ಎಂಬುದು ಭೂಸೇನೆಯ ಹುದ್ದೆ, ವಾಯುಪಡೆಯಲ್ಲಿ ಇರುವುದು ಸಾರ್ಜೆಂಟ್, ವಾರಂಟ್ ಆಫೀಸರ್ ಮುಂತಾದವು ಎಂಬುದೂ ನನಗೆ ಗೊತ್ತಿತ್ತು. ಊರಿನಲ್ಲಿಯೇ ಇರುವವನು ಅಂಗಡಿಗೆ ಬಂದು ಮುಟ್ಟಿ ನೋಡಬಹುದಿತ್ತಲ್ಲ ಎಂಬ ಪ್ರಶ್ನೆಗೆ ‘ಡ್ಯೂಟಿ’ ಎಂಬ ಒಂದೇ ಮಾತು ಸಾಕಾಯಿತು. ಆರು ಹೂದಾನಿಯ ವ್ಯಾಪಾರ ಒಂದೇ ಸಲಕ್ಕೆ ಕುದುರಿದ ಸಂತೋಷದಲ್ಲಿ ಗೊತ್ತಿದ್ದದ್ದೂ ಕಣ್ಣಿಗೆ ಕಾಣಲಿಲ್ಲ.

ಸೇನೆಯ ಖಾತೆಯಿಂದ ಹಣ ಬರುವ ಕ್ರಮವೇ ಬೇರೆ ಎಂದು ಹೇಳಿ ಅವನು ಒಂದು ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ ನನ್ನ ಖಾತೆಯಿಂದ 5 ರೂಪಾಯಿ ಹೋಯಿತು, ಮರುಕ್ಷಣವೇ 10 ರೂಪಾಯಿ ಬಂದಿತು. ನನ್ನ ನಂಬಿಕೆಯನ್ನು ಅವನು ಕೊಂಡದ್ದು ಆ ಐದು ರೂಪಾಯಿಗೆ. ಎರಡನೆಯ ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ 9,000 ಎಂದು ಬರೆದಿತ್ತು, ಅದರ ಕೆಳಗೆ ‘ಪಾವತಿಸಿ’ ಎಂದು ಸ್ಪಷ್ಟವಾಗಿಯೇ ಇತ್ತು. ನಾನು ಓದಿದ್ದು ಮೇಲಿನ ಅಂಕಿಯನ್ನು ಮಾತ್ರ. ಹಣ ಕಡಿತವಾದ ಸಂದೇಶ ಬಂದೊಡನೆ ಅವನೇ ಕರೆ ಮಾಡಿ, ಅದು ತಾಂತ್ರಿಕ ದೋಷ, ಇನ್ನೊಮ್ಮೆ ಹಾಗೆಯೇ ಮಾಡಿದರೆ 18,000 ಒಟ್ಟಿಗೆ ಮರಳಿ ಬರುತ್ತದೆ ಎಂದ. ನಾನು ಮತ್ತೆ ಫೋನ್ ಎತ್ತಿಕೊಂಡಾಗ, ಅರ ಉಜ್ಜುತ್ತ ಕುಳಿತಿದ್ದ ಅಪ್ಪ ತಲೆಯೆತ್ತದೆ ಕೇಳಿದರು: “ರೊಕ್ಕ ಕೊಡಾಂವ ಅಂವ, ನಂಬರ್ ನೀ ಯಾಕ್ ಒತ್ತಬೇಕು?”

ಅಂದಿನಿಂದ ನಾನು ಹಿಡಿದಿರುವ ಪರೀಕ್ಷೆ ಇದೊಂದೇ. ಯುಪಿಐಯಲ್ಲಿ ಹಣ ಪಡೆಯುವವನು ಪಿನ್ ಒತ್ತಬೇಕಾಗಿಲ್ಲ, ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಎರಡೂ ಕೊಡುವವನ ಕೆಲಸ. ಅವಸರ, ಸಮವಸ್ತ್ರ, ಗುರುತಿನ ಚೀಟಿ ಇವೆಲ್ಲ ಸಲ ಸಲಕ್ಕೂ ಬದಲಾಗುತ್ತವೆ, ಆದರೆ ಕೊಡಬೇಕಾದವನು ನಮ್ಮಿಂದಲೇ ಏನನ್ನಾದರೂ ಮಾಡಿಸಲು ತೊಡಗುವುದು ಬದಲಾಗುವುದಿಲ್ಲ. ಆಮೇಲೆ ಇನ್ನೊಬ್ಬ, 1,500ರ ಬದಲು ತಪ್ಪಿ 15,000 ಕಳಿಸಿದ್ದೇನೆ, ಉಳಿದದ್ದನ್ನು ಮರಳಿಸಿ ಎಂದು ಗೋಗರೆದ. ಬ್ಯಾಂಕಿನದೆಂಬಂತೆ ಕಾಣುವ ಸಂದೇಶವೂ ನನ್ನ ಫೋನಿಗೆ ಬಂದಿತ್ತು, ಆದರೆ ಅದು ಬಂದದ್ದು ಹತ್ತಂಕಿಯ ಮೊಬೈಲ್ ನಂಬರಿನಿಂದ. ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ಖಾತೆಗೆ ಒಂದು ಪೈಸೆಯೂ ಬಂದಿರಲಿಲ್ಲ. ಸಂದೇಶವನ್ನಾಗಲಿ ಸ್ಕ್ರೀನ್‌ಶಾಟನ್ನಾಗಲಿ ಈಗ ನಾನು ರಸೀದಿಯೆಂದು ಪರಿಗಣಿಸುವುದಿಲ್ಲ.

ಹಣ ಹೋದ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಮುಕ್ಕಾಲು ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು. ಆ ವ್ಯವಹಾರವನ್ನು ಗುರುತಿಸುವ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನು ಅವರು ಕೇಳುತ್ತಾರೆ. ಅದು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಮೋಸದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಎಟಿಎಮ್ಮಿಗೆ ಸಾಗುವುದರಿಂದ, ದಾರಿಯಲ್ಲಿರುವಾಗಲೇ ತಡೆಯಬೇಕಾಗುತ್ತದೆ. ನನ್ನದರಲ್ಲಿ ಸುಮಾರು ನಾಲ್ಕು ಸಾವಿರ ತಡೆಗೆ ಸಿಕ್ಕಿತು, ಅದು ಕೈಸೇರಲು ತಿಂಗಳುಗಳೇ ಹಿಡಿದವು. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಫೇಸ್‌ಬುಕ್ಕಿನ ಹೆಸರಿನಲ್ಲಿಯೇ ಬಂದ ಬೆದರಿಕೆಯೂ ಉಂಟು: ಹಕ್ಕುಸ್ವಾಮ್ಯ ಉಲ್ಲಂಘನೆಗಾಗಿ 24 ಗಂಟೆಯೊಳಗೆ ನಿಮ್ಮ ಪುಟವನ್ನು ಅಳಿಸುತ್ತೇವೆ, ಈ ಕೊಂಡಿಯನ್ನು ಒತ್ತಿ ಮನವಿ ಸಲ್ಲಿಸಿ ಎಂದು. ನಾನು ಕೊಂಡಿಯನ್ನು ಮುಟ್ಟದೆ ಆ್ಯಪಿನೊಳಗಿನ ಸಹಾಯ ವಿಭಾಗದಲ್ಲಿ ನೋಡಿದೆ. ಅಲ್ಲಿ ಅಂಥದ್ದೇನೂ ಇರಲಿಲ್ಲ. ಎರಡು ಹಂತದ ದೃಢೀಕರಣವನ್ನು ಅಂದೇ ಎಲ್ಲ ಖಾತೆಗಳಿಗೂ ಹಾಕಿಕೊಂಡೆ.

ಇದಕ್ಕಿಂತ ಹೆಚ್ಚು ನೋವಾದದ್ದು ಧಾರವಾಡದಿಂದ ಒಬ್ಬರು ಕರೆ ಮಾಡಿ, ನಿಮ್ಮ ಹೂಜಿಗೆ 499 ರೂಪಾಯಿ ಕಟ್ಟಿ ತಿಂಗಳಾಯಿತು, ಇನ್ನೂ ಬಂದಿಲ್ಲ ಎಂದಾಗ. ಅದರಲ್ಲಿ ಕೂಡಿಸುವ ಬೆಳ್ಳಿಗೇ ಅಷ್ಟು ಹಣ ಸಾಲುವುದಿಲ್ಲ. ಅವರು ಕಳಿಸಿದ ಕೊಂಡಿಯಲ್ಲಿದ್ದದ್ದು ನಮ್ಮ ಹೆಸರನ್ನೇ ಹೋಲುವ ಬೇರೊಂದು ಪುಟ. ಫೇಸ್‌ಬುಕ್ ತೋರಿಸುವ ಅದರ ಪಾರದರ್ಶಕತೆಯ ವಿವರ (ಪೇಜ್ ಟ್ರಾನ್ಸ್‌ಪರೆನ್ಸಿ) ತೆರೆದರೆ, ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ, ಮೊದಲು ಚಪ್ಪಲಿ ಮಾರುವ ಹೆಸರಿನಲ್ಲಿತ್ತು. ಫೋಟೊಗಳೆಲ್ಲ ನಮ್ಮವೇ. ಬೀದರ್ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿ, ಎಣ್ಣೆ ಹಚ್ಚಿ ಉಜ್ಜಿಸಿಕೊಂಡ ಬಿದ್ರಿಯ ಮೈ ಕನ್ನಡಿಯಂತಿರುತ್ತದೆ. ಹಿನ್ನೆಲೆಯನ್ನು ಅವರು ಕತ್ತರಿಸಿದ್ದರೂ ಹೂಜಿಯ ಹೊಟ್ಟೆಯ ಮೇಲೆ ನಮ್ಮ ಅಂಗಡಿಯ ಟ್ಯೂಬ್‌ಲೈಟೂ ಫೋನ್ ಹಿಡಿದ ನನ್ನ ಕೈಯೂ ಕಾಣುತ್ತಿದ್ದವು. ದೂರು ಕೊಟ್ಟು ಆ ಪುಟವನ್ನು ತೆಗೆಸಿದೆ, ಆ ಗ್ರಾಹಕರಿಂದಲೂ 1930ಕ್ಕೆ ಕರೆ ಮಾಡಿಸಿದೆ. ಈಗ ಪ್ರತಿ ಫೋಟೊದಲ್ಲಿಯೂ ವಸ್ತುವಿನ ಮುಂದೆ ಅಂಗಡಿಯ ಹೆಸರು, ತಾರೀಖು ಬರೆದ ಚೀಟಿಯನ್ನು ಇಡುತ್ತೇನೆ. ಮೊನ್ನೆ ಮತ್ತೊಂದು ಪುಟದವರು ಆ ಚೀಟಿಯನ್ನೂ ಅಳಿಸಿ ಹಾಕಿದ್ದರು. ಹೂಜಿಯ ಕಪ್ಪಿನಲ್ಲಿ ಅದರ ಪ್ರತಿಬಿಂಬ, ಅಕ್ಷರ ತಿರುವುಮುರುವಾಗಿ, ಹಾಗೆಯೇ ಉಳಿದಿತ್ತು.