ಐದು ವ್ಯಾಟಿನಲ್ಲಿ ಓದುತ್ತೇನೆ, ಹೌದು

ರಾತ್ರಿ ಹಾಸಿಗೆಯಲ್ಲಿ ಓದಲು 5 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು ಎಂದಾಗ ನಕ್ಕವರೇ ಹೆಚ್ಚು. ಎರಡು ವರ್ಷವಾಯಿತು. ರಾತ್ರಿ ಒಂದೂವರೆ ಗಂಟೆ ಓದಿದರೂ ಕಣ್ಣು ಉರಿಯುವುದಿಲ್ಲ, ಪಕ್ಕದಲ್ಲಿ ಮಲಗಿದ ಹೆಂಡತಿಗೆ ಎಚ್ಚರವೂ ಆಗುವುದಿಲ್ಲ.

ಅದಕ್ಕೆ ಮೊದಲು ಸುರಿದ ದುಡ್ಡಿನ ಲೆಕ್ಕ ಹೇಳಲು ನಾಚಿಕೆ. ಮೊದಲನೆಯದು ಚಾವಣಿಗೆ 20 ವ್ಯಾಟಿನ ಟ್ಯೂಬ್‌ಲೈಟ್, 6500 ಕೆಲ್ವಿನ್‌ನದು, ಅಂದರೆ ನೀಲಿ ಛಾಯೆಯ ಬಿಳಿ ಬೆಳಕು. ಕೋಣೆಯೆಲ್ಲ ಹಗಲು, ಪುಟದ ಮೇಲೆ ಮಾತ್ರ ನನ್ನದೇ ತಲೆಯ ನೆರಳು. ಆರಿಸಿದ ಮೇಲೂ ನಿದ್ರೆ ಹತ್ತುತ್ತಿರಲಿಲ್ಲ. ಆಮೇಲೆ ಪುಸ್ತಕಕ್ಕೆ ಸಿಕ್ಕಿಸುವ ಕ್ಲಿಪ್ ದೀಪ. ಮೇಲಿನ ನಾಲ್ಕು ಸಾಲಿಗೆ ಕೋರೈಸುವ ಬೆಳಕು, ಕೆಳಗೆಲ್ಲ ಮಬ್ಬು. ಮೂರನೆಯದು ಬೆಳಕು ತಗ್ಗಿಸಬಹುದಾದ ಅಗ್ಗದ ದೀಪ. ತಗ್ಗಿಸಿದಾಗಲೆಲ್ಲ ತಲೆನೋವು. ಕಾರಣ ಹೊಳೆಯಲು ತಿಂಗಳೇ ಹಿಡಿಯಿತು: ಒಂದು ರಾತ್ರಿ ಅದರಡಿ ಪೆನ್ಸಿಲನ್ನು ಸರಸರನೆ ಆಡಿಸಿದರೆ, ಒಂದೇ ಪೆನ್ಸಿಲು ಹತ್ತಾಗಿ ಬೀಸಣಿಗೆಯಂತೆ ಕಂಡಿತು. ಕಣ್ಣಿಗೆ ತಿಳಿಯದಷ್ಟು ವೇಗವಾಗಿ ದೀಪ ಮಿಣುಕುತ್ತಿತ್ತು. ಈಗ ಪೆನ್ಸಿಲಿಲ್ಲದೆ ದೀಪದ ಅಂಗಡಿಗೆ ಕಾಲಿಡುವುದಿಲ್ಲ.

ನಾಲ್ಕನೆಯ ಸಲ ದುಡ್ಡನ್ನು ಬಲ್ಬಿಗೆ ಹಾಕದೆ ತೋಳಿಗೆ ಹಾಕಿದೆ. ಗೋಡೆಗೆ ಕೂರಿಸುವ, ಬಗ್ಗಿಸಿದಲ್ಲೇ ನಿಲ್ಲುವ ಗಟ್ಟಿ ತೋಳು. ಬಲ್ಬಿನದು 2700 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು; ಹೊಮ್ಮುವ ಒಟ್ಟು ಬೆಳಕು 400 ಲ್ಯೂಮೆನ್ ಆಸುಪಾಸು; ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎನ್ನುವ ಅಳತೆ, ಸಿಆರ್‌ಐ, ನೂರಕ್ಕೆ 90. ನಾಲ್ಕು ಅಡಿ ದೂರವಿದ್ದಾಗ ಪುಟದ ಮೇಲೆ ಬೀಳುವ ಬೆಳಕು 80 ಲಕ್ಸ್ ಕೂಡ ಇರಲಿಲ್ಲ. ಎಡ ಭುಜದ ಹಿಂದಿನಿಂದ ಎರಡು ಅಡಿಗೆ ಎಳೆದೆ, 300 ದಾಟಿತು. ಮೊಬೈಲ್ ಆ್ಯಪ್‌ನ ಲೆಕ್ಕ, ಎಷ್ಟು ನಂಬಬಹುದೋ ಅಷ್ಟು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದವನಿಗೆ ಅದು ನೆನಪಾಗಲು ಮೂರು ದೀಪ ಬೇಕಾದವು.

ಬಲ್ಬು ನನ್ನ ಕಣ್ಣಿಗೂ ಪಕ್ಕದ ದಿಂಬಿಗೂ ಕಾಣದಂತೆ ಆಳವಾದ ಕವಚ. ಅದರ ಒಳಗೋಡೆಗೆ ಏನು ಅಂಟಿಸಿದ್ದೇನೆ ಎನ್ನುವುದು ನನ್ನಲ್ಲೇ ಇರಲಿ. ಕೋಣೆ ಪೂರ್ತಿ ಕತ್ತಲಾದರೆ ಕಣ್ಣು ಸೋಲುತ್ತದೆ, ಹಿಂದಿನ ಗೋಡೆಗೆ ಒಂದು ಮಂದ ದೀಪವಿದೆ.

ನಡುವೆ ಒಂದು ವಾರ ಕೆಂಪು ಬಲ್ಬಿನ ಹುಚ್ಚು ಹಿಡಿದಿತ್ತು. ನಿದ್ರೆಗೇನೋ ಒಳ್ಳೆಯದೇ. ಆದರೆ ವರ್ಷಗಳಿಂದ ಕೆಂಪು ಪೆನ್ಸಿಲಿನಲ್ಲಿ ಎಳೆದ ಅಡಿಗೆರೆಗಳೆಲ್ಲ ಪುಟದಿಂದ ಮಾಯ!

ಹೊಳಪು ಕಾಗದದ ಪತ್ರಿಕೆಗಳಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಪುಟ ವಾಲಿಸಿದರೆ ಪ್ರತಿಫಲನ ಹೋಗುತ್ತದೆ, ಕೈ ನೋಯುತ್ತದೆ. ಅವನ್ನು ಹಗಲಿಗೆ ಎತ್ತಿಟ್ಟಿದ್ದೇನೆ.