ಕಸದ ಗಾಡಿಗೆ ಬಣ್ಣದ ಗಂಡಭೇರುಂಡ: ನನ್ನ ಅನುಭವ

ಕಸದ ಗಾಡಿ ಮೇಲೆ ಲಾಂಛನ ಅಂದರೆ ಸ್ಟಿಕರ್ರೇ ಗತಿ, ಬಣ್ಣದ ಕಾಲ ಮುಗೀತು ಅಂತ ಚಿಕ್ಕಮಗಳೂರಿನ ನಮ್ಮ ಬೋರ್ಡ್ ಬರೆಯುವ ಗೆಳೆಯರೇ ಹೇಳುತ್ತಿದ್ದರು. ಜಿಲ್ಲೆಯ ಒಂದು ಪುರಸಭೆಯ ಗಾಡಿಗಳಿಗೆ ನಾನು ಹಾಕಿದ ಗಂಡಭೇರುಂಡ ಎರಡು ಮಳೆಗಾಲ ದಾಟಿದೆ. ಅಂಚು ಒಂಚೂರೂ ಎದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಟಿಕರ್ ಹಣೆಬರಹ ನಿಮಗೂ ಗೊತ್ತು. ಮಲೆನಾಡಿನ ಮಳೆ ಒಂದು ಕಡೆ, ದಿನಾ ಪ್ರೆಶರ್ ಪಂಪಿನಲ್ಲಿ ತೊಳೆಯುವುದು ಇನ್ನೊಂದು ಕಡೆ. ಮೊದಲು ಮೂಲೆ ಏಳುತ್ತದೆ, ಒಳಗೆ ಕಸದ ನೀರು ಇಳಿಯುತ್ತದೆ, ಆಮೇಲೆ ಅರ್ಧ ಹಕ್ಕಿ ಉಳಿಯುತ್ತದೆ. ಒಂದು ತಲೆ ಕಿತ್ತುಹೋದ ಗಂಡಭೇರುಂಡ ಬೀದಿ ಸುತ್ತುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸ್ಟಿಕರ್‌ಗೆ ಮುನ್ನೂರು ರೂಪಾಯಿ ಹತ್ತಿರ ಬೀಳುತ್ತದೆ, ವರ್ಷ ತುಂಬುವುದರೊಳಗೆ ಇನ್ನೊಂದು ಬೇಕು.

ಕೈಯಲ್ಲೇ ಬರೆದರೆ ಒಂದಕ್ಕೆ ಅರ್ಧ ದಿನ. ಕೂಲಿ ಗಿಟ್ಟಲ್ಲ. ಆಕಾರ ಕತ್ತರಿಸಿದ ತಗಡಿನ ಅಚ್ಚು (ಸ್ಟೆನ್ಸಿಲ್) ಮಾಡಿಸಿ ನೋಡಿದೆ, ಟಿಪ್ಪರ್ ಬಾಡಿಯ ಉಬ್ಬುತಗ್ಗಿಗೆ ಕೂರಲಿಲ್ಲ. ಸ್ಪ್ರೇ ಹೊಡೆದರೆ ಬಣ್ಣ ಅಡಿಗೆ ನುಗ್ಗಿತು. ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಅಚ್ಚು ಎರಡು ಸಾವಿರ ತಿಂದು ಮೂಲೆಯಲ್ಲಿ ಬಿರುಕು ಬಿಟ್ಟಿತು. ಕೊನೆಗೆ ಕೈ ಹಿಡಿದಿದ್ದು ಹಳೇ ಎಕ್ಸ್‌ರೇ ಫಿಲ್ಮು. ಬ್ಲೀಚ್ ನೀರಿನಲ್ಲಿ ನೆನೆಸಿ ಉಜ್ಜಿದರೆ ಕಪ್ಪೆಲ್ಲ ಹೋಗಿ ಗಾಜಿನ ಹಾಗೆ ಆಗುತ್ತದೆ. ಕೆಳಗಿಟ್ಟ ಚಿತ್ರದ ಗೆರೆ ನೋಡಿಕೊಂಡೇ ಕತ್ತರಿಸಬಹುದು.

ನಮ್ಮ ರಾಜ್ಯದ ಲಾಂಛನ ಸುಲಭದ ಕೆಲಸ ಅಲ್ಲ. ನೀಲಿ ಅಂಚಿನ ಕೆಂಪು ಗುರಾಣಿ, ಒಳಗೆ ಬಿಳಿ ಗಂಡಭೇರುಂಡ, ಎರಡೂ ಪಕ್ಕ ಹಳದಿ ಮೈ ಕೆಂಪು ಕೇಸರದ ಶರಭ (ಆನೆ ತಲೆ, ಸಿಂಹದ ಮೈಯ ಕಾಲ್ಪನಿಕ ಪ್ರಾಣಿ), ಕಾಲಡಿ ಹಸಿರು ಎಲೆ, ನೆತ್ತಿಯ ಮೇಲೆ ಅಶೋಕನ ಸಿಂಹ. ಬಣ್ಣಕ್ಕೊಂದು ಫಿಲ್ಮು. ಎಲ್ಲ ಫಿಲ್ಮಿಗೂ ಒಂದೇ ಜಾಗದಲ್ಲಿ ಎರಡು ತೂತು, ಗಾಡಿ ಮೇಲೆ ಎರಡು ಚುಕ್ಕೆ. ತೂತು ಚುಕ್ಕೆ ಮೇಲೆ ಕೂತರೆ ಬಣ್ಣ ಬಣ್ಣದ ಮೇಲೆ ಹತ್ತಲ್ಲ. ಹಕ್ಕಿಯ ಕಣ್ಣು, 'ಪುರಸಭೆ'ಯ ರಕಾರದ ಹೊಟ್ಟೆ ಫಿಲ್ಮಿನಿಂದ ಉದುರದ ಹಾಗೆ ಒಂದೂವರೆ ಮಿಲಿಮೀಟರ್ ಎಳೆ ಕತ್ತರಿಸದೆ ಬಿಡಬೇಕು. ಆಮೇಲೆ ಆ ಎಳೆಯ ಜಾಗಕ್ಕೆ ಸೊನ್ನೆ ನಂಬರ್ ಬ್ರಶ್ಶಿನಲ್ಲಿ ಬಣ್ಣ ಮುಚ್ಚಿದರಾಯಿತು.

ಸ್ಪ್ರೇ ಪೂರ್ತಿ ಬಿಟ್ಟೆ. ಸ್ಪಂಜಿನಲ್ಲಿ ಒತ್ತುತ್ತೇನೆ, ಬಣ್ಣ ತೀರಾ ಕಮ್ಮಿ, ತೀರಾ ಗಟ್ಟಿ. ಗಟ್ಟಿ ಮಾಡಲು ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಇನ್ನೊಂದು ಮಾತು, ಎನಾಮೆಲ್ ಮೇಲೆ ಪಿಯು ಕ್ಲಿಯರ್ (ಪಾಲಿಯುರೆಥೇನಿನ ಬಣ್ಣವಿಲ್ಲದ ಮೇಲ್ಲೇಪ) ಹೊಡೆಯಬೇಡಿ. ಬಣ್ಣವೆಲ್ಲ ಸುಕ್ಕುಗಟ್ಟಿ ಏಳುತ್ತದೆ. ಈಗ ಅಡಿಯಿಂದ ತುದಿವರೆಗೆ ನನ್ನದು ಪಿಯು. ಸಾಮಾನಿಗೆ ನೂರೈವತ್ತರ ಸುಮಾರು, ನನ್ನ ರೇಟು ಐನೂರು. ಸಹಾಯಕ್ಕೆ ಒಬ್ಬ ಹುಡುಗ ಇದ್ದರೆ ದಿನಕ್ಕೆ ಏಳೆಂಟು ಗಾಡಿ ಮುಗಿಯುತ್ತವೆ. ಕಚೇರಿಯ ಪತ್ರ ಕೈಗೆ ಬರದೆ ಮಾತ್ರ ಲಾಂಛನ ಮುಟ್ಟಬೇಡಿ. ಅಶೋಕನ ಸಿಂಹದ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ.

ಹಕ್ಕಿಯ ಕೊರಳಿನ ಬಾಗು ಸರಿ ಬರಲಿಲ್ಲ ಅಂತ ಬೇಲೂರಿಗೂ ಹೋಗಿ ಬಂದೆ. ಚೆನ್ನಕೇಶವ ದೇವಸ್ಥಾನದಲ್ಲಿ ಆನೆ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ ಎರಗುವ ಕೆತ್ತನೆ ಇದೆಯಲ್ವಾ, ಅದನ್ನು ನಿಂತು ಗೀಚಿಕೊಂಡೆ. ಅಲ್ಲಿ ಶರಭವನ್ನು ಕೊಲ್ಲುವ ಹಕ್ಕಿ, ಇಲ್ಲಿ ಅದೇ ಶರಭದ ಕಾವಲಿನಲ್ಲಿದೆ!

ಮಧ್ಯೆ ಬಾವುಟದ ಹುಚ್ಚೂ ಹತ್ತಿತ್ತು. ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಅವರು ಕೊಟ್ಟ ಹಳದಿ-ಕೆಂಪು ಕನ್ನಡ ಬಾವುಟವನ್ನು ಹತ್ತಿ ಬಟ್ಟೆಯಲ್ಲಿ ಹೊಲಿಸಿ ಅಂಗಡಿ ಮುಂದೆ ಕಟ್ಟಿದೆ. ಒಂದು ಜಡಿಮಳೆಗೆ ಕೆಂಪು ಬಿಟ್ಟು, ಮಡಿಕೆ ತಾಗಿದ ಕಡೆಯೆಲ್ಲ ಹಳದಿ ಕಿತ್ತಳೆಯಾಯಿತು. ಈಗ ಕೆಂಪು ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಒಗೆದು ಆಮೇಲೆ ಹೊಲಿಸುತ್ತೇನೆ.

ಸದ್ಯ ನೀರಿನ ಟ್ಯಾಂಕರ್‌ಗಳ ಕೆಲಸ ಬಂದಿದೆ. ದುಂಡು ಮೈ ಮೇಲೆ ಫಿಲ್ಮು ಬಾಗುತ್ತದೆ, ಆದರೆ ಕೆಳಗಿನಿಂದ ನೋಡಿದರೆ ಹಕ್ಕಿ ಕುಳ್ಳಗೆ ಕಾಣುತ್ತದೆ. ಉದ್ದ ಒಂದಿಂಚು ಜಾಸ್ತಿ ಮಾಡಿ ಹೊಸ ಅಚ್ಚು ಕತ್ತರಿಸುತ್ತಿದ್ದೇನೆ.