ನಿಮ್ಮೂರ ಹೊಳೆಯನ್ನು ನೀವೇ ಅಳೆದು ಬರೆದಿಡಿ

ಮಳೆ ಜೋರಾದರೆ ಶಿವಮೊಗ್ಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, 'ಮಂಟಪ ಮುಳುಗಿತಾ?' ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿರುವ ಆ ಮಂಟಪವೇ ನಮಗೆ ಅಳತೆಗೋಲು. ತೀರ್ಥಹಳ್ಳಿಯವರಿಗೆ ರಾಮಮಂಟಪ ಇದೆ. ಹೊಳೆ ಅಳೆಯಲು ಮೊದಲು ಬೇಕಾದ್ದೂ ಅದೇ, ಜಾಗ ಬಿಟ್ಟು ಕದಲದ ಒಂದು ಗುರುತು.

ನಿಮ್ಮ ತೋಟದ ಅಂಚಿನ ಹಳ್ಳಕ್ಕೂ ಒಂದು ಮಾಡಿಕೊಳ್ಳಿ. ಅಡಿಕೆ ದಬ್ಬೆಯ ಮೇಲೆ ಅಡಿ, ಇಂಚು ಗೀಚಿ ಕಾಲುಸಂಕದ ಕಂಬಕ್ಕೆ ಗಟ್ಟಿಯಾಗಿ ಕಟ್ಟಿ. ದಿನಾ ಬೆಳಿಗ್ಗೆ 8 ಗಂಟೆಗೆ ನೋಡಿ ಬರೆಯಿರಿ. ಕೇಂದ್ರ ಜಲ ಆಯೋಗದವರು ದೊಡ್ಡ ನದಿಗಳಲ್ಲಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ.

ಮಟ್ಟ ಸಿಕ್ಕಿತು, ಆದರೆ ನೀರು ಎಷ್ಟು ಹರಿಯುತ್ತಿದೆ ಅಂತ ಇನ್ನೂ ಗೊತ್ತಾಗಲಿಲ್ಲ ಅಲ್ವಾ? ಅದಕ್ಕೆ ಹೊಳೆ ನೇರವಾಗಿ ಹರಿಯುವ ಕಡೆ 50 ಅಡಿ ಅಳೆದು, ಎರಡೂ ತುದಿಗೆ ಗೂಟ ಹೊಡೆಯಿರಿ. ಅಗಲ ಅಳೆಯಿರಿ. ಬಿದಿರು ಗಳ ಇಳಿಸಿ ದಡದಿಂದ ದಡಕ್ಕೆ ಐದಾರು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಈಗ ಬಾಳೆದಿಂಡಿನ ಒಂದು ತುಂಡು ಬಿಡಿ. ಅದು ಅರ್ಧ ಮುಳುಗಿ ತೇಲುತ್ತದೆ, ಗಾಳಿಗೆ ಸುಮ್ನೆ ಅತ್ತಿತ್ತ ಓಡುವುದಿಲ್ಲ, ಹಾಗಾಗಿ ಎಲೆಗಿಂತ ಇದೇ ಒಳ್ಳೆಯದು. 20 ಅಡಿ ಅಗಲ, 2 ಅಡಿ ಆಳ ಅಂದರೆ 40 ಚದರ ಅಡಿ. ದಿಂಡು 25 ಸೆಕೆಂಡಿಗೆ 50 ಅಡಿ ಹೋದರೆ ಸೆಕೆಂಡಿಗೆ 2 ಅಡಿ. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಅದನ್ನು 0.85ರಿಂದ ಗುಣಿಸಿ, 1.7 ಆಯಿತು. 40 ಸಲ 1.7 ಅಂದರೆ ಸೆಕೆಂಡಿಗೆ 68 ಘನ ಅಡಿ, ಅದೇ 68 ಕ್ಯೂಸೆಕ್. ಒಂದು ಕ್ಯೂಸೆಕ್ ಸೆಕೆಂಡಿಗೆ ಸುಮಾರು 28 ಲೀಟರ್. ಮೂರು ಸಲ ಬಿಟ್ಟು ನೋಡಿ, ಒಂದೇ ಸಲದ ಲೆಕ್ಕ ನಂಬಬೇಡಿ. ಕೆಂಪು ನೀರು ಬಂದ ದಿನ ಮಾತ್ರ ಹೊಳೆಗೆ ಇಳಿಯಲೇಬೇಡಿ, ಸಂಕದ ಮೇಲೂ ನಿಲ್ಲಬೇಡಿ, ದಡದಿಂದ ದಬ್ಬೆ ನೋಡಿದರೆ ಸಾಕು.

ಪೇಪರಿನಲ್ಲಿ ಬರುವ ಟಿಎಂಸಿಯೂ ಇದೇ ಲೆಕ್ಕ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ.

ಇನ್ನು ಹೊಳೆ, ಹಳ್ಳಗಳ ವಿವರ ಪಟ್ಟಿ ಮಾಡಿ ಬರೆದಿಡುವ ವಿಷಯ. ಎಲ್ಲರೂ ಉದ್ದ ಕೇಳುತ್ತಾರೆ, ನನಗೆ ಅದು ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಎಲ್ಲಿಂದ ಎಣಿಸುತ್ತೀರಿ ಅನ್ನುವುದರ ಮೇಲೆ ಉದ್ದ ಬದಲಾಗುತ್ತದೆ. ತುಂಗಭದ್ರೆ 531 ಕಿಲೋಮೀಟರ್ ಅನ್ನುವುದು ತುಂಗೆ, ಭದ್ರೆ ಸೇರುವ ಕೂಡಲಿಯ ಸಂಗಮದಿಂದ ಕೃಷ್ಣೆಯವರೆಗೆ. ಗಂಗಾಮೂಲದಿಂದ ತುಂಗೆಯ 147 ಕಿಲೋಮೀಟರ್ ಸೇರಿಸಿದರೆ 678. ಭದ್ರೆಯ ದಾರಿ ಹಿಡಿದರೆ ಇನ್ನೂ ಜಾಸ್ತಿ.

ದೇಶದ ಪಟ್ಟಿಯಲ್ಲಿ ನದಿಯನ್ನು ದೊಡ್ಡದು ಅನ್ನುವುದು ಅದಕ್ಕೆ ನೀರು ಹರಿದು ಬರುವ ಜಾಗ ನೋಡಿ. 20,000 ಚದರ ಕಿಲೋಮೀಟರಿಗಿಂತ ಹೆಚ್ಚಿದ್ದರೆ ದೊಡ್ಡ ನದಿ, 2,000ದಿಂದ ಅಲ್ಲಿಯವರೆಗೆ ಮಧ್ಯಮ, ಅದಕ್ಕಿಂತ ಕೆಳಗೆ ಚಿಕ್ಕದು. ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಗೆ ಸುಮಾರು 3,000 ಇದೆ, ಹಾಗಾಗಿ ಅದು ಮಧ್ಯಮ ನದಿ.

ನಿಮ್ಮ ನೋಟ್‌ಬುಕ್ಕಿನಲ್ಲಿ ಹಳ್ಳದ ಹೆಸರನ್ನು ಊರಿನ ಹಿರಿಯರು ಕರೆಯುವಂತೆಯೇ ಬರೆಯಿರಿ. ಒಂದೇ ಹಳ್ಳಕ್ಕೆ ಮೇಲಿನ ಊರಲ್ಲಿ ಒಂದು ಹೆಸರು, ಕೆಳಗಿನ ಊರಲ್ಲಿ ಇನ್ನೊಂದು ಇದ್ದರೆ ಎರಡೂ ಇರಲಿ, ಈ ಹೆಸರುಗಳು ಎಷ್ಟೋ ನಕ್ಷೆಗಳಲ್ಲಿ ಇರುವುದಿಲ್ಲ. ಯಾವ ಗುಡ್ಡದಲ್ಲಿ ಹುಟ್ಟುತ್ತದೆ, ಯಾವ ಹೊಳೆಗೆ ಎಡದಿಂದ ಸೇರುತ್ತದೆಯೋ ಬಲದಿಂದಲೋ, ಬೇಸಿಗೆಯಲ್ಲಿ ಯಾವ ತಿಂಗಳು ಬತ್ತುತ್ತದೆ, ಇದೂ ಬೇಕು. ಎಡ, ಬಲ ಹೇಳುವಾಗ ನೀರು ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು.

ಮಳೆಗಾಲ ಕಳೆದ ಮೇಲೆ ಮರಳು ಸರಿದು ತಳ ಬದಲಾಗಿರುತ್ತದೆ. ಅಗಲ, ಆಳ ಮತ್ತೆ ಅಳೆಯಿರಿ. ಹಳೆಯ ಲೆಕ್ಕ ಹೊಡೆದುಹಾಕಬೇಡಿ, ಪಕ್ಕದಲ್ಲೇ ತಾರೀಖು ಹಾಕಿ ಹೊಸದನ್ನು ಬರೆಯಿರಿ.